ನಮ್ಮ ಕಾರು ಹಾಡುವುದು ರಿವರ್ಸ್ ಹೋಗುವಾಗ ಮಾತ್ರ

ಹೋದ ಬೇಸಿಗೆಯಲ್ಲಿ ಆಫೀಸಿನ ಹಿರಿಯರೊಬ್ಬರ ಜೊತೆ ಜಪಾನಿನ ಹೊಕ್ಕೈಡೊ ದ್ವೀಪದ ಕಡೆ ಹೋಗಿದ್ದೆ. ಬಿಯೇ ಅನ್ನುವ ಊರಿನ ಹತ್ತಿರ, ಆಲೂಗಡ್ಡೆ ಹೊಲಗಳ ನಡುವೆ ಕಾರು ನಿಲ್ಲಿಸಿದರು. ಎದುರಿಗೆ ಒಂಟಿ ಪಾಪ್ಲರ್ ಮರ. ಎತ್ತರವಾಗಿತ್ತು, ನಿಜ. ಅದು ಬಿಟ್ಟರೆ ವಿಶೇಷ ಏನೂ ಕಾಣಲಿಲ್ಲ. ಆದರೂ ಹತ್ತಿಪ್ಪತ್ತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪವಾಡದ ಮರವಾ ಅಂತ ಕೇಳಿದೆ. ಉತ್ತರ ಹೇಳುವ ಬದಲು ಅವರು ಒಂದು ಹಾಡು ಗುನುಗಿದರು. ಮೀಟಿಂಗಿನಲ್ಲಿ ನಾಲ್ಕು ಮಾತಿಗಿಂತ ಜಾಸ್ತಿ ಆಡದ ಮನುಷ್ಯ!

ಅದು ಕಾರಿನ ಜಾಹೀರಾತಿನ ಹಾಡಂತೆ. 1972ರಲ್ಲಿ ನಿಸಾನ್ ಕಂಪನಿ ಹೊಸ ಸ್ಕೈಲೈನ್ ಕಾರು ತಂದಾಗ ಜಾಹೀರಾತಿನಲ್ಲಿ ಕೆನ್, ಮೇರಿ ಅನ್ನುವ ಜೋಡಿಯನ್ನು ಕಾರಿನಲ್ಲಿ ಕೂರಿಸಿ ಊರೂರು ಸುತ್ತಿಸಿತು. ಹಿಂದೆ ಬಜ್ ಅನ್ನುವ ತಂಡದ ಹಾಡು, 'ಆಯ್ ತೊ ಕಾಜೆ ನೊ ಯೋ ನಿ'. ಪ್ರೀತಿಯ ಹಾಗೆ, ಗಾಳಿಯ ಹಾಗೆ ಅಂತ. ಆ ಜಾಹೀರಾತಿನಲ್ಲಿ ಕಂಡ ಈ ಮರ ಅವತ್ತಿನಿಂದ ಕೆನ್ ಮೇರಿ ಮರ. ಆ ಮಾಡೆಲ್ ಕಾರಿಗೂ ಜನ ಇವತ್ತಿನವರೆಗೆ ಕೆನ್‌ಮೆರಿ ಅಂತಲೇ ಅನ್ನುತ್ತಾರೆ. ನಮ್ಮಲ್ಲಾಗಿದ್ದರೆ ಮರಕ್ಕೆ ಕಟ್ಟೆ ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಚುರುಮುರಿ ಗಾಡಿ ನಿಂತುಬಿಡುತ್ತಿತ್ತು. ಹಾಡನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಐವತ್ತು ವರ್ಷ ಕಳೆದ ಮೇಲೂ ಗುನುಗಬಹುದಾದ ಕಾರಿನ ಹಾಡು ಕನ್ನಡದಲ್ಲಿ ಒಂದಾದರೂ ಇದೆಯಾ? ಅಲ್ಲೇ ನಿಂತು ಯೋಚಿಸಿದೆ. ನಿರ್ಮಾ ಹಾಡು ಬಂತು. ಅದು ಬಟ್ಟೆ ಒಗೆಯಲು. ಕಾರಿನದು ಒಂದೂ ಬರಲಿಲ್ಲ.

ಜಪಾನಿನಲ್ಲಿ ನಾನಿರುವ ನಗೋಯಾದಲ್ಲಿ ಸಂಜೆ ಟಿವಿ ಹಾಕಿದರೆ ಹತ್ತು ನಿಮಿಷಕ್ಕೊಂದು ಕಾರು ಹಾಡಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ 15 ಸೆಕೆಂಡು. ಹಾಡಿನಲ್ಲಿ ಮನಸ್ಸಿಗೆ ಅಂಟುವ ಭಾಗಕ್ಕೆ ಇವರು 'ಸಾಬಿ' ಅನ್ನುತ್ತಾರೆ, ಹೆಚ್ಚುಕಡಿಮೆ ನಮ್ಮ ಪಲ್ಲವಿ. ಅಷ್ಟನ್ನೇ ಕತ್ತರಿಸಿ ಹಾಕುತ್ತಾರೆ. ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಎಷ್ಟೋ ಸಲ ಪರದೆಯ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಾಡಿನ ಹೆಸರು ಮತ್ತು ಹಾಡಿದವರ ಹೆಸರು ಇರುತ್ತದೆ. ಕಾರು ಮಾರುವ ಗಡಿಬಿಡಿಯಲ್ಲೂ ಹಾಡಿದವರನ್ನು ಮರೆಯುವುದಿಲ್ಲ. 1981ರಲ್ಲಿ ಹೋಂಡಾ ಸಿಟಿ ಬಂದಾಗ (ನಮ್ಮಲ್ಲಿ ಓಡಾಡುವ ಉದ್ದನೆಯದಲ್ಲ, ಡಬ್ಬಿಯಂಥ ಪುಟ್ಟ ಕಾರು) ಅದರ ಜಾಹೀರಾತಿನಲ್ಲಿ ಇಂಗ್ಲೆಂಡಿನ ಮ್ಯಾಡ್‌ನೆಸ್ ಸಂಗೀತ ತಂಡದವರು ಒಬ್ಬರ ಹಿಂದೊಬ್ಬರು ಜರಿಹುಳದ ಹಾಗೆ ಕುಣಿದರು. 2021ರ ಹೋಂಡಾ ವೆಝೆಲ್ ಕಾರಿಗೆ ಗಾಯಕ ಫುಜಿಯಿ ಕಾಝೆ ಹಾಡಿದ 'ಕಿರಾರಿ' ನನ್ನ ಮಗಳ ಬಾಯಲ್ಲಿ ಈಗಲೂ ಇದೆ. ಅವಳಿಗೆ ಕಾರಿನ ಹೆಸರೇ ಗೊತ್ತಿಲ್ಲ.

ಇನ್ನು ಊರಿಗೆ ಬಂದಾಗಿನ ಕಥೆ. ಮೈಸೂರಿನಲ್ಲಿ ಅಮ್ಮನ ಪಕ್ಕ ಕೂತು ಧಾರಾವಾಹಿ ನೋಡುತ್ತಿದ್ದರೆ ಮಧ್ಯೆ ಕಾರಿನ ಜಾಹೀರಾತು ಬರುತ್ತದೆ. ಯಾವ ಕಂಪನಿಯದು ಅನ್ನುವುದು ಬೇಡ, ನಾನು ನೋಡಿದ್ದೆಲ್ಲ ಒಂದೇ ಥರ. ಉತ್ತರದ ಮನೆ, ಉತ್ತರದ ಮದುವೆ, ತುಟಿ ಹಿಂದಿಯಲ್ಲಿ, ದನಿ ಕನ್ನಡದಲ್ಲಿ. 'ಬನ್ನಿ, ಸಂತಸದ ಪಯಣವನ್ನು ನಿಮ್ಮದಾಗಿಸಿ' ಅನ್ನುವ ಧಾಟಿ. ಯಾರ ಮನೆಯಲ್ಲಿ ಸ್ವಾಮಿ ಹೀಗೆ ಮಾತಾಡುತ್ತಾರೆ? ಹಾಡಿದ್ದರೂ ಅಷ್ಟೇ, ಹಿಂದಿ ಟ್ಯೂನಿನೊಳಗೆ ಕನ್ನಡದ ಮಾತು ತುರುಕಿ, ಮುಚ್ಚಲಾಗದ ಸೂಟ್‌ಕೇಸಿನ ಮೇಲೆ ಕೂತ ಹಾಗೆ. ಜಪಾನಿ ಕಾರು ಬಿಡದಿಯಲ್ಲೇ ತಯಾರಾಗುವ ನಾಡು ನಮ್ಮದು. ತಟ್ಟೆ ಇಡ್ಲಿ ಸಿಗುವ ಊರಿನಿಂದ ಕಾರು ಹೊರಡುತ್ತದೆ, ಕನ್ನಡದ ಒಂದು ಹಾಡು ಹೊರಡುವುದಿಲ್ಲ.

ನಮ್ಮ ಬೀದಿಯಲ್ಲಿ ಕಾರು ಹಾಡುವುದು ಹಿಂದಕ್ಕೆ ಹೋಗುವಾಗ ಮಾತ್ರ. ಬೆಳಿಗ್ಗೆ ಆರೂವರೆಗೆ ಎದುರುಮನೆಯವರು ಗೇಟು ತೆಗೆದು ರಿವರ್ಸ್ ಹಾಕಿದರೆ ಕೀಂ ಕೀಂ ಅಂತ ಅದೇ ಟ್ಯೂನು. ಬ್ರೇಕ್ ಒತ್ತಿ ಗೇರ್ ಬದಲಿಸಿದರೆ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ರಿವರ್ಸ್ ಹಾಕಿದರೆ ಮೊದಲಿಂದ ಶುರು. ಅಮ್ಮ ಅದನ್ನು ಕೇಳಿಯೇ ಹಾಲು ಕಾಯಿಸಲು ಇಡುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಜಪಾನಿನಲ್ಲಿ ಹಾಡು ಕಂಪನಿಯ ಕೈಗೆ ಸಿಕ್ಕಮೇಲೆ ಕಂಪನಿಯ ಭಯವೂ ಹಾಡಿಗೆ ಅಂಟುತ್ತದೆ. 1988ರಲ್ಲಿ ನಿಸಾನ್ ಸೆಫಿರೊ ಜಾಹೀರಾತಿನಲ್ಲಿ ಹಾಡುಗಾರ ಇನೊವೆ ಯೋಸುಯಿ ಕಾರಿನ ಕಿಟಕಿಯಿಂದ 'ಎಲ್ಲರೂ ಚೆನ್ನಾಗಿದ್ದೀರಾ?' ಅಂತ ಕೇಳುತ್ತಿದ್ದರು. ಅದೇ ಹೊತ್ತಿಗೆ ಚಕ್ರವರ್ತಿ ಹಿರೊಹಿತೊ ಹಾಸಿಗೆ ಹಿಡಿದರು. ಅಂಥ ಹೊತ್ತಲ್ಲಿ ಆ ಮಾತು ಸರಿಹೋಗದು ಅಂತ ಜಾಹೀರಾತಿನವರು ಅದರ ದನಿ ತೆಗೆದುಹಾಕಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಮ್ಮ ಡಬ್ಬಿಂಗಿನಲ್ಲಿ ಕೊನೇಪಕ್ಷ ಏನೋ ಒಂದು ಕೇಳಿಸುತ್ತದೆ!

ಮತ್ತೆ 15 ಸೆಕೆಂಡು ಕೇಳಿ ಮರುಳಾಗಿ ಪೂರ್ತಿ ಹಾಡು ಹುಡುಕಿದರೆ, ಚರಣ ಸಪ್ಪೆ ಅನಿಸಿದ್ದೂ ಉಂಟು. ನಮ್ಮ ಹಾಡಿಗೆ ಆ ಪಾಡಿಲ್ಲ. ಆಟೋದಲ್ಲಿ, ನವೆಂಬರಿನ ಪೆಂಡಾಲಿನಲ್ಲಿ ಮೊದಲಿಂದ ಕೊನೆಯವರೆಗೆ ಸುಮ್ನೆ ಕೇಳುತ್ತಿರುತ್ತದೆ, ಏನನ್ನೂ ಮಾರದೆ.

ಅವತ್ತು ಅಸಾಹಿಕಾವಾಕ್ಕೆ ವಾಪಸ್ ಬರುವಾಗ ಹಿರಿಯರು, ನಿಮ್ಮೂರಿನದು ಒಂದು ಹಾಕಿ ಅಂದರು. ಅಣ್ಣಾವ್ರ ಹಳೇ ಸಿನಿಮಾದ, ಪಿ.ಬಿ. ಶ್ರೀನಿವಾಸ್ ಹಾಡಿದ ಒಂದು ಹಾಡು ಹಾಕಿದೆ. ಎರಡನೇ ಸಲ ಪಲ್ಲವಿ ಬರುವ ಹೊತ್ತಿಗೆ ಅವರ ಬೆರಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಚೆನ್ನಾಗಿದೆ. ಇದು ಯಾವ ಕಾರಿನದು?"