ಎಡಗಿವಿಯ ಓಲೆ

ನಮ್ಮ ಮನೆ ಒಕ್ಕಲಿನ ದಿನ ಯಾರೋ ಒಂದಡಿ ಎತ್ತರದ ನಟರಾಜನನ್ನು ಉಡುಗೊರೆ ಕೊಟ್ಟರು. ಸಂಜೆಯೊಳಗೆ ಮನೆಯಲ್ಲಿ ಎರಡು ಪಕ್ಷ ಆಗಿತ್ತು. "ನಟರಾಜನನ್ನು ಮನೆಯಲ್ಲಿ ಇಡ್ಲಿಕ್ಕಿಲ್ಲ, ಜಗಳ ಆಗ್ತದೆ" ಅಂದರು ದೊಡ್ಡಮ್ಮ. "ಜಗಳ ಈಗಲೇ ಶುರುವಾಯ್ತಲ್ಲ" ಅಂದರು ಭಾವ.

ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಡಮರು ಅಂದರೆ ಸೃಷ್ಟಿ, ಬೆಂಕಿ ಅಂದರೆ ಲಯ, ಕಾಲಡಿಯ ಕುಳ್ಳ ಅಪಸ್ಮಾರ ಅಂದರೆ ಅಜ್ಞಾನ. ಜಿನೀವಾದ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲೂ ನಟರಾಜ ಇದ್ದಾನೆ ಎಂಬ ಸಾಲು ಕೊನೆಯಲ್ಲಿ. ಅದೂ ನಿಜವೇ, 2004ರಲ್ಲಿ ಭಾರತ ಸರ್ಕಾರ ಕೊಟ್ಟದ್ದು.

ಮೆಸೇಜಿನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಕಿರಿಕಿರಿಯಾದದ್ದು ಬೇರೆಯದಕ್ಕೆ. ಅದನ್ನು ಓದಿ ಕೈ ಮುಗಿದ ಹನ್ನೊಂದು ಜನರಲ್ಲಿ ಒಬ್ಬರೂ ಎದ್ದು, ಮೇಜಿನ ಮೇಲಿದ್ದ ಮೂರ್ತಿಯ ಹತ್ತಿರ ಹೋಗಲಿಲ್ಲ. ಹೋದದ್ದು ತಂಗಿಯ ಮಗಳು, ಮೂರನೇ ಕ್ಲಾಸು. "ಮಾಮ, ಇವನ ಎರಡು ಕಿವಿಯಲ್ಲಿ ಬೇರೆ ಬೇರೆ ಉಂಟಲ್ಲ, ಒಂದು ಕಳೆದುಹೋದದ್ದಾ?"

ಕಳೆದುಹೋದದ್ದಲ್ಲ. ಬಲಗಿವಿಯಲ್ಲಿ ಗಂಡಸರ ಮಕರಕುಂಡಲ. ಎಡಗಿವಿಯಲ್ಲಿ ಹೆಂಗಸರ ಪತ್ರಕುಂಡಲ. ಅಂದರೆ ನಮ್ಮ ಓಲೆ. ತಾಳೆಗರಿಯನ್ನು ಸುರುಳಿ ಸುತ್ತಿ ಕಿವಿಗೆ ಸಿಕ್ಕಿಸುತ್ತಿದ್ದ ಕಾಲದಿಂದ ಬಂದ ಹೆಸರು ಅದು. ಅಜ್ಜಿಯಂದಿರ ಬೆಂಡೋಲೆಯಲ್ಲೂ ಅದೇ ಓಲೆ. ಶಿವ ಒಬ್ಬನೇ ಕುಣಿಯುತ್ತಿಲ್ಲ, ಎಡಗಡೆ ಪಾರ್ವತಿಯೂ ಇದ್ದಾಳೆ. ಅದನ್ನು ಹೇಳಲು ಶಿಲ್ಪಿ ಇಡೀ ಅರ್ಧನಾರಿಯನ್ನು ಮಾಡಲಿಲ್ಲ, ಒಂದು ಕಿವಿ ಸಾಕಾಯಿತು ಅವನಿಗೆ. ಫಾರ್ವರ್ಡ್ ಬರೆದವರು ಆ ಕಿವಿಯನ್ನೇ ಬಿಟ್ಟಿದ್ದರು. ನಮ್ಮದು ಅಂಗಡಿಯ ಸಾಮಾನ್ಯ ಹಿತ್ತಾಳೆ ಮೂರ್ತಿ, ಆದರೂ ಮಾಡಿದವನು ಬಿಟ್ಟಿರಲಿಲ್ಲ!

ಈ "ಇದು ಅಂದರೆ ಅದು" ಪಟ್ಟಿಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಪಟ್ಟಿ ಕೈಗೆ ಸಿಕ್ಕಿದ ಮೇಲೆ ಕಣ್ಣಿಗೆ ಕೆಲಸ ಇಲ್ಲ. ಉತ್ತರ ಗೊತ್ತಿದ್ದವರು ಪ್ರಶ್ನೆಪತ್ರಿಕೆ ಯಾಕೆ ಓದುತ್ತಾರೆ?

ಇನ್ನೊಂದು ಹೇಳುತ್ತೇನೆ. ಹಳೆಯ ಕಂಚಿನ ಮೂರ್ತಿಗಳ ಪೀಠದಲ್ಲಿ ತೂತುಗಳೋ ಬಳೆಗಳೋ ಇರುತ್ತವೆ. ಯಾವ ಪಟ್ಟಿಯಲ್ಲೂ ಅವುಗಳಿಗೆ ಜಾಗ ಇಲ್ಲ. ಕೋಲು ತೂರಿಸಿ ಹೊರಲಿಕ್ಕೆ ಇರುವ ತೂತುಗಳು ಅವು, ಅಷ್ಟೇ. ಆದರೆ ನನಗೆ ಇಡೀ ಮೂರ್ತಿಯಲ್ಲಿ ಜಾಸ್ತಿ ಮಾತಾಡುವುದು ಅವೇ. ಗರ್ಭಗುಡಿಯ ಮೂಲಬಿಂಬ ಸಾಮಾನ್ಯವಾಗಿ ಕಲ್ಲಿನದು, ಕದಲುವುದಿಲ್ಲ. ಉಡುಪಿಯಲ್ಲಿ ಕಡೆಗೋಲು ಹಿಡಿದ ಕೃಷ್ಣನನ್ನು ನಾವೇ ಹೋಗಿ ನವಗ್ರಹ ಕಿಂಡಿಯಲ್ಲಿ ಇಣುಕಿ ನೋಡಬೇಕು. ರಥಬೀದಿಗೆ ಬರುವುದು ಉತ್ಸವಮೂರ್ತಿ. ಒಳಗೆ ಹೋಗಲು ಆಗದವರ, ಒಳಗೆ ಬಿಡದೇ ಇದ್ದವರ ಎದುರಿಗೂ ಬಂದದ್ದು ಲೋಹದ ದೇವರೇ.

ನಮ್ಮ ಕರಾವಳಿಯಲ್ಲಂತೂ ಭಟ್ಟರು ಬಲಿಮೂರ್ತಿಯನ್ನು, ಅಂದರೆ ಉತ್ಸವದ ಪುಟ್ಟ ಲೋಹದ ಮೂರ್ತಿಯನ್ನು, ತಲೆಯ ಮೇಲೆ ಹೊತ್ತು ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. "ಇಷ್ಟು ದೊಡ್ಡ ದೇವಸ್ಥಾನ, ಮೂರ್ತಿ ಇಷ್ಟು ಚಿಕ್ಕದಾ?" ಎಂದು ಊರ ಹೊರಗಿನ ಗೆಳೆಯನೊಬ್ಬ ಕೇಳಿದ್ದ. ಈ ಸೇವೆ, ದರ್ಶನ ಬಲಿ, ಮುಗಿಯುವವರೆಗೆ ಭಟ್ಟರ ಕುತ್ತಿಗೆ ನೋಡು ಅಂದೆ.

ಮಾಡುವ ಕ್ರಮದಲ್ಲೂ ಇಂಥ ಸಂಗತಿಗಳಿವೆ. ತಮಿಳುನಾಡಿನ ಸ್ವಾಮಿಮಲೈಯಲ್ಲಿ ಮೂರ್ತಿ ಮಾಡುವ ಸ್ಥಪತಿಗಳು ಇವತ್ತಿಗೂ ತೆಂಗಿನ ಗರಿಯ ಒಂದು ಸೀಳನ್ನು ಮೂರ್ತಿಯ ಎತ್ತರಕ್ಕೆ ಕತ್ತರಿಸಿ, ಮಡಚಿ ಮಡಚಿ ಅಳತೆ ತೆಗೆಯುತ್ತಾರೆ. ಮುಖ ಇಷ್ಟು, ಎದೆ ಇಷ್ಟು, ಎಲ್ಲ ಆ ಮಡಿಕೆಯಲ್ಲೇ. ಆಮೇಲೆ ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ಮಾಡುತ್ತಾರೆ. ಅದಕ್ಕೆ ಕಾವೇರಿಯ ನುಣುಪು ಮಣ್ಣು ಮೆತ್ತಿ ಒಣಗಿಸಿ ಕಾಯಿಸಿದರೆ ಮೇಣ ಕರಗಿ ಹೊರಗೆ ಬರುತ್ತದೆ. ಆ ಖಾಲಿ ಜಾಗಕ್ಕೆ ಲೋಹದ ಎರಕ. ತಣಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಇದೇನು ತಮಿಳರದ್ದು ಮಾತ್ರ ಅಂತಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಮೇಣವನ್ನು ತೂಗಿ, ಅದರ ಮೇಲೆ ಲೋಹದ ಲೆಕ್ಕ ಹಾಕುವುದೂ ಅದರಲ್ಲಿದೆ.

ಪಂಚಲೋಹ ಅಂದಕೂಡಲೇ ಐದೂ ಸಮಸಮ ಅಂದುಕೊಳ್ಳಬೇಡಿ. ಬಹುಪಾಲು ತಾಮ್ರವೇ. ಚಿನ್ನ, ಬೆಳ್ಳಿ ಚೂರುಪಾರು. ಅಂಗಡಿಯಲ್ಲಿ ಹಿತ್ತಾಳೆಯನ್ನೇ ಪಂಚಲೋಹ ಅಂತ ನನಗೂ ಒಮ್ಮೆ ಮಾರಿದ್ದಾರೆ, ಬಿಡಿ.

ಈಗ ಕದ್ರಿ ದೇವಸ್ಥಾನಕ್ಕೆ ಬರುತ್ತೇನೆ. ಮಂಗಳೂರಿನವರು ನಾವು, ಎಷ್ಟು ಸಲ ಹೋಗಿಲ್ಲ ಅಲ್ಲಿಗೆ! ಮಂಜುನಾಥನಿಗೆ ಕೈ ಮುಗಿದು, ಪ್ರದಕ್ಷಿಣೆ ಮುಗಿಸಿ, ಕೆರೆಯ ಕಡೆ ಮೆಟ್ಟಿಲು ಹತ್ತಿ ಹೋಗುತ್ತೇವೆ. ಅದೇ ದೇವಸ್ಥಾನದಲ್ಲಿ ಕುಳಿತ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಮೂರು ಮುಖ, ಆರು ಕೈ. ಮೂರು ಮುಖ ಇದ್ದ ಮೇಲೆ ಬ್ರಹ್ಮ ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು, ನಾನೂ ಒಪ್ಪಿದ್ದೆ. ಕಿರೀಟ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಧ್ಯಾನಕ್ಕೆ ಕುಳಿತ ಒಬ್ಬ ಪುಟ್ಟ ಬುದ್ಧ ಇದ್ದಾನೆ. ಕಿರೀಟದಲ್ಲಿ ಹೀಗೆ ಧ್ಯಾನದ ಬುದ್ಧನಿದ್ದರೆ ಅದು ಸಾಮಾನ್ಯವಾಗಿ ಅವಲೋಕಿತೇಶ್ವರ, ಬೌದ್ಧರ ಕರುಣೆಯ ದೇವರು. ಲೋಕೇಶ್ವರ ಅವನದೇ ಇನ್ನೊಂದು ಹೆಸರು.

ಪೀಠದಲ್ಲಿ ಸಂಸ್ಕೃತ ಶಾಸನ ಉಂಟು. ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮ 968ರಲ್ಲಿ 'ಕದಿರಿಕಾ' ಎಂಬ ಚೆಂದದ ವಿಹಾರದಲ್ಲಿ, ಅಂದರೆ ಭಿಕ್ಷುಗಳ ಮಠದಲ್ಲಿ, ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎನ್ನುತ್ತದೆ ಅದು. ಅದೇ ಶಾಸನ ಆ ದೊರೆಯನ್ನು ಬಾಲಚಂದ್ರನನ್ನು ಮುಡಿದ ಶಿವನ ಪಾದಕಮಲದ ದುಂಬಿ ಎಂದೂ ಕರೆಯುತ್ತದೆ. ಶಿವಭಕ್ತನೇ ವಿಹಾರದಲ್ಲಿ ಲೋಕೇಶ್ವರನನ್ನು ಕೂರಿಸಿದ.

"ಕದ್ರಿ ಯಾರದ್ದು, ಶಿವನದ್ದಾ ಬುದ್ಧನದ್ದಾ" ಎಂದು ಜಾಲತಾಣದಲ್ಲಿ ಆಗಾಗ ಜಗಳ ಏಳುತ್ತದಲ್ಲ, ಮುನ್ನೂರು ನಾನೂರು ಕಮೆಂಟು. ಒಂದು ಪಕ್ಷದವರಿಗೆ ಕಿರೀಟದ ಬುದ್ಧ ಕಾಣುವುದಿಲ್ಲ. ಇನ್ನೊಂದು ಪಕ್ಷದವರಿಗೆ ಪೀಠದ ದುಂಬಿ ಕಾಣುವುದಿಲ್ಲ. ಸಾವಿರ ವರ್ಷ ದಾಟಿದ ಮೂರ್ತಿ, ಇವತ್ತಿಗೂ ದೀಪ ಕಾಣುತ್ತಿದೆ. ಹೆಸರು ಬದಲಾದರೂ ಯಾರೂ ಅವನನ್ನು ಕರಗಿಸಿ ಕೊಪ್ಪರಿಗೆ ಮಾಡಲಿಲ್ಲ. ನನಗೆ ಅದು ದೊಡ್ಡ ಸಂಗತಿ. ನೀವು ಒಪ್ಪದಿದ್ದರೂ ಬೇಜಾರಿಲ್ಲ, ಆದರೆ ಒಮ್ಮೆ ಹೋಗಿ ಕಿರೀಟ ನೋಡಿ ಬಂದು ಬೈಯಿರಿ.

ಕಳೆದ ವಾರ ನಟರಾಜನಿಗೆ ಅಲ್ಲಲ್ಲಿ ಕಿಲುಬು ಕಂಡಿತು. ಪಾಲಿಶಿಗೆ ಕೊಂಡುಹೋಗುವಾಗ ಅಮ್ಮನ ದೇವರಕೋಣೆಯ ಅಂಬೆಗಾಲು ಕೃಷ್ಣನನ್ನೂ ಚೀಲಕ್ಕೆ ಹಾಕಿಕೊಂಡೆ. ಅಮ್ಮನೂ ಜೊತೆಗೆ ಬಂದರು. ಕೃಷ್ಣನ ಕೈಯಲ್ಲಿ ಬೆಣ್ಣೆ ಉಂಟು, ಮುಖದಲ್ಲಿ ಮೂಗು ಇಲ್ಲ. ಹಬ್ಬ ಹಬ್ಬಕ್ಕೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ಸವೆದಿದೆ. "ಹೊಸ ಮೂಗು ಕೂರಿಸಿ ಕೊಡ್ತೇನೆ ಅಮ್ಮ, ಗೊತ್ತೇ ಆಗ್ಲಿಕ್ಕಿಲ್ಲ" ಅಂದ ಅಂಗಡಿಯವನು.

"ಬೇಡ ಮಾರಾಯ" ಅಂದರು ಅಮ್ಮ. "ಇದ್ದದ್ದನ್ನು ಸವೆಸ್ಲಿಕ್ಕೆ ನಮ್ಮ ಅತ್ತೆಗೆ ನಲವತ್ತು ವರ್ಷ, ನನಗೆ ನಲವತ್ತು ವರ್ಷ ಬೇಕಾಯ್ತು."

ನಟರಾಜನ ಪಾಲಿಶಿಗೆ ಇನ್ನೂರು ರೂಪಾಯಿ ತೆಗೆದುಕೊಂಡ. ಕೃಷ್ಣ ಹೋದ ಹಾಗೇ ಚೀಲದಲ್ಲಿ ಮನೆಗೆ ಬಂದ.