ಮೈಸೂರಲ್ಲಿ ಅಪ್ಪ ಅಮ್ಮನಿಗೆ ಸೂರು ಕೊಟ್ಟಿದ್ದಕ್ಕೆ 20,000 ಪೌಂಡ್ ತೆರಿಗೆ

ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಸಿಟ್ಟು ಇಳಿಯುತ್ತಲೇ ಇಲ್ಲ.

ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ. ಅಷ್ಟೂ ವರ್ಷ ಬಾಡಿಗೆ ಮನೆ. ಈಗ ರೆಡಿಂಗಿನಲ್ಲಿ 3,00,000 ಪೌಂಡಿನ ಪುಟ್ಟ ಮನೆಯೊಂದು ಒಪ್ಪಿಗೆಯಾಯಿತು. ಡೆಪಾಸಿಟ್ಟಿಗೆ 30,000 ಕೂಡಿಟ್ಟಿದ್ದೆವು. ವಕೀಲರ ಫೀ, ಸರ್ವೆ, ಸಾಮಾನು ಸಾಗಿಸುವ ವ್ಯಾನು, ಎಲ್ಲವನ್ನೂ ನಾನೂ ನನ್ನ ಹೆಂಡತಿಯೂ ಕೂತು ಬರೆದಿದ್ದೆವು. ಸ್ಟಾಂಪ್ ಡ್ಯೂಟಿ ಎದುರಿಗೆ ಸೊನ್ನೆ. ಮೊದಲ ಸಲ ಮನೆ ಕೊಳ್ಳುವವರಿಗೆ 3,00,000ದವರೆಗೆ ತೆರಿಗೆಯಿಲ್ಲ, ನೀವು ಆರಾಮಾಗಿರಿ ಅಂತ ಸಾಲದ ಬ್ರೋಕರೇ ಹೇಳಿದ್ದ.

ಮೊನ್ನೆ ವಕೀಲರ ಫಾರಂ ಬಂತು. ಪ್ರಪಂಚದಲ್ಲಿ ಬೇರೆ ಎಲ್ಲಾದರೂ ನಿಮಗೆ ಮನೆ ಇದೆಯಾ?

ಇದೆ. 2018ರಲ್ಲಿ ಕುವೆಂಪುನಗರದಲ್ಲಿ ಸಾಲ ಮಾಡಿ ತೆಗೆದುಕೊಂಡ ಫ್ಲಾಟು. ಅಮ್ಮನಿಗೆ ಮಂಡಿನೋವು, ಲಿಫ್ಟ್ ಇದೆ ಅಂತ ಅದನ್ನೇ ಆರಿಸಿದ್ದು. ಅಲ್ಲಿನ ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ ಎಲ್ಲಾ ಆಗಲೇ ಕಟ್ಟಿದ್ದೇನೆ. ಒಂದು ರೂಪಾಯಿ ಬಾಡಿಗೆ ಬರುವುದಿಲ್ಲ.

ಅದರ ಬೆಲೆ 40,000 ಪೌಂಡ್ ದಾಟುತ್ತದೆ ನೋಡಿ, ಹಾಗಾಗಿ ರೆಡಿಂಗಿನದು ನಮ್ಮ ಎರಡನೇ ಮನೆಯಂತೆ! ಮೊದಲ ಮನೆಯ ರಿಯಾಯಿತಿ ಹೋಯಿತು. ಮಾಮೂಲಿ ತೆರಿಗೆ 5,000. ಅದರ ಮೇಲೆ ಇಡೀ ಬೆಲೆಗೆ 5%, ಅಂದರೆ ಇನ್ನೂ 15,000. ಸೊನ್ನೆ ಇದ್ದ ಜಾಗದಲ್ಲಿ 20,000 ಪೌಂಡ್. ಇಪ್ಪತ್ತು ಲಕ್ಷ ರೂಪಾಯಿಗೂ ಜಾಸ್ತಿ! ಮೊದಲು 3% ಇತ್ತು. 2024ರ ಅಕ್ಟೋಬರ್ 30ಕ್ಕೆ ಬಜೆಟ್ ಓದಿದರು, ಮರುದಿನದಿಂದಲೇ 5% ಮಾಡಿದರು. ಹೆಂಡತಿ ಹೆಸರಲ್ಲಿ ಎಲ್ಲೂ ಒಂದು ಇಟ್ಟಿಗೆಯೂ ಇಲ್ಲ. ಅವಳೊಬ್ಬಳೇ ಕೊಂಡರೂ ಬಿಡುವುದಿಲ್ಲ, ಗಂಡನ ಮನೆಯೂ ಲೆಕ್ಕಕ್ಕೆ ಬರುತ್ತದೆ. ಕೀಲಿಕೈ ಸಿಕ್ಕ 14 ದಿನದೊಳಗೆ ದುಡ್ಡು ಕಟ್ಟಬೇಕು. ಎಲ್ಲಿಂದ ತರುವುದು?

ಊರಲ್ಲಿ ಹೆತ್ತವರಿಗೆ ಅಂತ ಮನೆ ಮಾಡಿಕೊಟ್ಟವರು ಇಲ್ಲಿ ನಾನೊಬ್ಬನೇ ಅಲ್ಲವಲ್ಲ. ಬಾಡಿಗೆಗೆ ಬಿಡಲು ಸಾಲುಸಾಲು ಮನೆ ಕೊಳ್ಳುವವರಿಗೂ ನಮಗೂ ಒಂದೇ ದರ. ಇದು ಯಾವ ನ್ಯಾಯ?

ಆ ಬ್ರೋಕರ್ ನನ್ನ ಸಂಬಳದ ಚೀಟಿ ಕೇಳಿದ, ಬ್ಯಾಂಕಿನ ಲೆಕ್ಕ ಕೇಳಿದ, ಮಗಳ ನರ್ಸರಿ ಫೀ ಎಷ್ಟು ಅಂತಲೂ ಕೇಳಿದ. ಇಂಡಿಯಾದಲ್ಲಿ ಮನೆ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ನಿನ್ನೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. ಸುಮ್ನೆ ಅದನ್ನು ಮಾರಿಬಿಡಿ ಅನ್ನುತ್ತಾನೆ. ಅಪ್ಪ ಅಮ್ಮ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಉತ್ತರ ಇರಲಿಲ್ಲ.