ನೆಟ್ ತರಲು ನೆಟ್ ಬೇಕು

ಹುಚ್ಚು ಬಿಡೋತನಕ ಮದುವೆಯಾಗಲ್ಲ, ಮದುವೆಯಾಗೋತನಕ ಹುಚ್ಚು ಬಿಡಲ್ಲ. ಈ ಗಾದೆ ಕಟ್ಟಿದವರು ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿದ್ದಿರಬೇಕು. ವೈಫೈ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ವೈಫೈ ಡ್ರೈವರ್ ಬೇಕು. ಕೇಬಲ್ಲಾದರೂ ಚುಚ್ಚೋಣವೆಂದರೆ ತೆಳ್ಳನೆಯ ಮಾಡೆಲ್‌ಗಳಲ್ಲಿ ಅದಕ್ಕೆ ತೂತೇ ಇರುವುದಿಲ್ಲ.

ಈ ಸಂಬಂಧ ಕುದುರಿಸುವ ದಲ್ಲಾಳಿ ನಿಮ್ಮ ಫೋನು. ಯುಎಸ್‌ಬಿ ಕೇಬಲ್ ಸಿಕ್ಕಿಸಿ ಟೆದರಿಂಗ್ (ಫೋನಿನ ನೆಟ್ ಹಂಚಿಕೆ) ಆನ್ ಮಾಡಿದರೆ ಲಿನಕ್ಸ್ ಅದನ್ನು ತಂತಿಯ ನೆಟ್ ಎಂದೇ ನಂಬುತ್ತದೆ. ಆಂಡ್ರಾಯ್ಡ್ ಫೋನು ಮನೆಯ ವೈಫೈನಲ್ಲಿದ್ದರೆ ಅದನ್ನೇ ದಾಟಿಸುತ್ತದೆ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಏನೂ ಕಾಣಿಸದಿದ್ದರೆ ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾದ ತಂತಿ ಇರುವುದೇ ಇಲ್ಲ.

ಮುಂದೆ ಟರ್ಮಿನಲ್‌ನಲ್ಲಿ, ಅಂದರೆ ಕಮ್ಯಾಂಡ್ ಬರೆಯುವ ಕಿಟಕಿಯಲ್ಲಿ, ಎಲ್‌ಎಸ್‌ಪಿಸಿಐ, ಜಾಗ ಬಿಟ್ಟು ಅಡ್ಡಗೆರೆ, ಎನ್‌ಎನ್‌ಕೆ ಎಂದು ಬರೆಯಿರಿ. ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗಿರುವುದೇ ಕಾರ್ಡಿನ ಜಾತಕ. 14ಇ4 ಅಂದರೆ ಬ್ರಾಡ್‌ಕಾಮ್, 10ಇಸಿ ರಿಯಲ್‌ಟೆಕ್, 8086 ಇಂಟೆಲ್ (ತನ್ನ ಪ್ರೊಸೆಸರ್ ಹೆಸರನ್ನೇ ಮನೆ ನಂಬರ್ ಮಾಡಿಕೊಂಡಿದೆ, ಭೂಪ). ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲೇ ಇಲ್ಲವೆಂದರೆ ಕುರ್ಚಿ ಖಾಲಿ.

14ಇ4:4365 ಎಂದಿದೆಯೋ? ಅದು ಬಿಸಿಎಂ43142. ಬ್ರಾಡ್‌ಕಾಮ್ ಅಂದಕೂಡಲೇ ಗೂಗಲ್ ಬಿ43 ಎಂಬ ಡ್ರೈವರಿನ ಫರ್ಮ್‌ವೇರ್ ಹಾಕಿಕೊಳ್ಳಿ ಅನ್ನುತ್ತದೆ, ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹಾಕಿಯೂ ಬಿಡುತ್ತಾರೆ. ಬಿ43ಗೂ ಈ ಚಿಪ್ಪಿಗೂ ಸಂಬಂಧವೇ ಇಲ್ಲ. ಇದಕ್ಕೆ ಬೇಕಾದ್ದು ಡಬ್ಲ್ಯುಎಲ್ ಎಂಬ ಮಾಡ್ಯೂಲ್ (ಡ್ರೈವರ್ ತುಣುಕು). ಅದರ ಪ್ಯಾಕೇಜು, ನಿಮ್ಮ ಲಿನಕ್ಸ್ ಉಬುಂಟು ಆದರೆ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್, ಡೆಬಿಯನ್ ಆದರೆ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್.

ಈ ಡಿಕೆಎಂಎಸ್ ಎಂಬುದು ಮನೆಗೇ ಬಂದು ಅಡುಗೆ ಮಾಡುವ ಭಟ್ಟರಿದ್ದಂತೆ. ಪ್ರತಿ ಹೊಸ ಕರ್ನಲ್ (ಲಿನಕ್ಸಿನ ತಿರುಳು) ಬಂದಾಗಲೂ ಮಾಡ್ಯೂಲನ್ನು ಬಿಸಿಬಿಸಿಯಾಗಿ ಕಟ್ಟಿಕೊಡುತ್ತದೆ, ಆದರೆ ಸಾಮಾನು ನೀವು ಒದಗಿಸಬೇಕು. ಸಾಮಾನೆಂದರೆ ಕರ್ನಲ್ ಹೆಡರ್‌ಗಳು, ಮಾಡ್ಯೂಲ್ ಕಟ್ಟಲು ಬೇಕಾದ ಫೈಲುಗಳು. ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64 ಹಾಕಿಟ್ಟರೆ ಕರ್ನಲ್ ಜೊತೆಗೇ ಹೆಡರೂ ಬರುತ್ತದೆ. ಮರೆತರೆ, ನಿನ್ನೆ ಇದ್ದ ವೈಫೈ ಅಪ್‌ಡೇಟ್ ಮಾಡಿದ ಮರುದಿನ ಮಾಯ.

ಇಷ್ಟಾದ ಮೇಲೂ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದರೆ ಅದು ಸೆಕ್ಯೂರ್ ಬೂಟ್ ಎಂಬ ಕಾವಲುಗಾರನ ತಕರಾರು: ಮನೆಯಲ್ಲಿ ಕಟ್ಟಿದ ಮಾಡ್ಯೂಲಿಗೆ ಅದು ಒಪ್ಪುವ ಸಹಿ ಇಲ್ಲ. ಉಬುಂಟು ಇದಕ್ಕಾಗಿಯೇ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಯಾವುದಾದರೂ ಕೀ ಒತ್ತಲು 10 ಸೆಕೆಂಡ್. ಜನ ಕಾಫಿ ತರಲು ಏಳುವುದು ಸರಿಯಾಗಿ ಆಗಲೇ. ಕೂತೇ ಇದ್ದವರೂ ಮೊದಲ ಸಾಲಿನ 'ಕಂಟಿನ್ಯೂ ಬೂಟ್' ಒತ್ತಿ ಕೆಡಿಸಿಕೊಳ್ಳುತ್ತಾರೆ. ಆರಿಸಬೇಕಾದ್ದು ಅದರ ಕೆಳಗಿನ 'ಎನ್‌ರೋಲ್ ಎಂಒಕೆ' (ಎಂಒಕೆ ಅಂದರೆ ಆ ಸಹಿಯನ್ನು ಒಪ್ಪಿಸುವ ನಿಮ್ಮದೇ ಕೀಲಿ). ತಪ್ಪಿದರೆ ಮೋಕ್‌ಯುಟಿಲ್ ಕಮ್ಯಾಂಡಿನಿಂದ ಆ ಕೀಲಿಯನ್ನು ಮತ್ತೆ ಇಂಪೋರ್ಟ್ ಮಾಡಿ, ಮತ್ತೆ ರೀಸ್ಟಾರ್ಟ್. ಕಾಫಿ ಆಮೇಲೆ.

ಇನ್ನೂ ಬರಲಿಲ್ಲವೇ? ವೈಫೈಯನ್ನೇ ಯಾರಾದರೂ ಆಫ್ ಮಾಡಿದ್ದಾರೋ ಎಂದು ತಿಳಿಯಲು ಟರ್ಮಿನಲ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ ಎಂದು ಬರೆದು ನೋಡಿ. ಸಾಫ್ಟ್ ಬ್ಲಾಕ್ ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್' ಸಾಕು. ಹಾರ್ಡ್ ಬ್ಲಾಕ್ ಇದ್ದರೆ ಯಾವ ಕಮ್ಯಾಂಡೂ ನಡೆಯದು. ಲ್ಯಾಪ್‌ಟಾಪನ್ನು ಎತ್ತಿ ಅಂಚು ತಡವಿ ನೋಡಿ. ಹಳೇ ಮಾಡೆಲ್‌ಗಳಲ್ಲಿ ಅಲ್ಲೊಂದು ಪುಟ್ಟ ಸ್ಲೈಡ್ ಸ್ವಿಚ್ಚು ಇರುತ್ತದೆ, ಬ್ಯಾಗಿನೊಳಗೆ ಉಜ್ಜಿ ಎಂದೋ ಆಫ್ ಆಗಿರುತ್ತದೆ.